ದನಿ ಕಳೆದುಕೊಂಡ ಗಾಲಿ

ಹಳೆಯ ರೈಲು ಬೋಗಿಯೊಂದನ್ನು ಊರಿನ ಕೆಲವರು ರಜಾದಿನಗಳಲ್ಲಿ ತಾವಾಗಿಯೇ ಬಂದು ದುರಸ್ತಿ ಮಾಡುತ್ತಿದ್ದರು. ಸುತ್ತಿಗೆಯಿಂದ ಬಡಿದಾಗ ಗಣ್ಣೆಂದರೆ ಗಾಲಿ ಗಟ್ಟಿ. ಬದ್ದೆಂದು ಮಂಕಾಗಿ ಸದ್ದಾದರೆ ಬಿರುಕು, ಬೋಗಿ ಗುಜರಿಗೆ. ಅವರಲ್ಲೊಬ್ಬರಾದ ಗಿರಿಜವ್ವ ಒಂದು ಗಾಲಿಗೆ ಬಡಿದರು. ಗಾಲಿ ಬದ್ದೆಂದಿತು. ಗುರುತು ಹಾಕಲು ಅವರು ಸೀಮೆಸುಣ್ಣ ಹುಡುಕತೊಡಗಿದರು.

"ನಾನು ಒಡೆದಿದ್ದೇನೆಂದು ನನಗೆ ಮೊದಲೇ ಅನುಮಾನವಿತ್ತು," ಎಂದಿತು ಗಾಲಿ.

"ಎಲ್ಲಿ ಒಡೆದಿದ್ದೀಯೆ, ತೋರಿಸು," ಎಂದಿತು ಸುತ್ತಿಗೆ.

"ತಿಳಿಯದು. ಇಲ್ಲಿ ನಿಂತು ಹನ್ನೊಂದು ವರ್ಷವಾಯಿತು. ಅಂದಿನಿಂದ ದನಿಯೇ ಇಲ್ಲ."

"ಅಂದಿನಿಂದ ನಿನ್ನನ್ನು ಅದುಮಿ ಹಿಡಿದಿರುವುದು ಯಾರು?"

"ಬ್ರೇಕು. ನಾನು ಉರುಳಿಹೋಗಬಾರದೆಂದು."

"ಅಂಗೈಯಲ್ಲಿ ಅದುಮಿ ಹಿಡಿದ ಗಂಟೆ ಮೊಳಗುತ್ತದೆಯೇ?"

ಗಾಲಿ ಉತ್ತರಿಸುವ ಮೊದಲೇ ನಿವೃತ್ತ ಫಿಟ್ಟರ್ ದಾದಾಪೀರ್ ಬೋಗಿಯ ಆಚೆಯಿಂದ ಕೂಗಿದರು: "ಗಿರಿಜಕ್ಕಾ, ಬ್ರೇಕ್ ಬಿಡಿಸ್ದೆ ಬಡಿದ್ರಾ? ಹಂಗೆ ಬಡಿದ್ರೆ ಹೊಸ ಗಾಲೀನೂ ಗುಜರಿಗೇ ಹೋಗುತ್ತೆ!"

ಗಿರಿಜವ್ವ ನಾಲಿಗೆ ಕಚ್ಚಿಕೊಂಡರು. ಬೋಗಿ ಉರುಳದಂತೆ ಆಚೆಯ ಗಾಲಿಗೆ ಕಲ್ಲು ಕೊಟ್ಟು, ಬ್ರೇಕ್ ಬಿಡಿಸಿ, ಮತ್ತೊಮ್ಮೆ ಬಡಿದರು.

ಗಣ್ಣೆಂದ ಸದ್ದು ಹಳಿಯುದ್ದಕ್ಕೂ ಹರಿಯಿತು. ಎಲ್ಲರಿಗಿಂತ ಹೆಚ್ಚು ಬೆರಗಾದದ್ದು ಗಾಲಿಯೇ.

ಗಿರಿಜವ್ವ ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡರು. ಸುತ್ತಿಗೆ ಮುಂದಿನ ಗಾಲಿಯತ್ತ ಹೊರಟಿತು.

"ನಿಲ್ಲು," ಎಂದಿತು ಗಾಲಿ. "ಇನ್ನೊಂದು ಸಲ ಬಡಿ."