ಡಂಗುರದ ಶೆಟ್ಟಿ, ಸಾಕವ್ವನ ವಾರದ ಓಲೆ

ಮುಳ್ಳುಗೋಟೆಯ ಗುರುಶಾಂತಶೆಟ್ಟಿ ತನ್ನನ್ನು ಹೊಗಳಿಕೊಳ್ಳಲು ಒಂದು ಬಾಯಿ ಸಾಲದೆ ಒಬ್ಬ ಡಂಗುರದವನನ್ನೂ ಒಂದು ಆನೆಯನ್ನೂ ಸಾಕಿದ್ದ. ಬೆಳಗಾದರೆ ಡಂಗುರದವನು ಆನೆ ಏರಿ, "ಬೆಲ್ಲಕ್ಕೆ ಶೆಟ್ಟರು, ಬತ್ತಿಗೆ ಶೆಟ್ಟರು, ಸೀಗೆಪುಡಿಗೂ ಶೆಟ್ಟರು" ಎಂದು ಕೇರಿಕೇರಿ ಸಾರುತ್ತಿದ್ದ. ತೊಟ್ಟಿಲ ಕೂಸುಗಳು ಕಿಟಾರನೆ ಕಿರುಚಿ ಏಳುತ್ತಿದ್ದವು. ಊರು ತನ್ನ ಹೆಸರು ಕೇಳಿ ಪುಳಕಗೊಂಡಿದೆ ಎಂದು ಶೆಟ್ಟಿ ಮೀಸೆ ತಿರುವುತ್ತಿದ್ದ.

ಒಂದು ದಿನ ಅವನು ನಾಯಕರ ಆಸ್ಥಾನಕ್ಕೆ ಬಂದು ಹೊಟ್ಟೆ ಮುಂದೆ ಮಾಡಿ ನಿಂತ.

"ಒಡೆಯಾ, ಈ ಊರಲ್ಲಿ ನಾನು ಸಾರಿದ್ದು ಮಾತ್ರ ಮಾರಾಟವಾಗೋದು. ಪೇಟೆಬಾಗಿಲ ಮೂಲೆಯಲ್ಲಿ ಸಾಕವ್ವ ಅಂತ ಒಬ್ಬಳು ಸೀಗೆಪುಡಿ ಇಟ್ಕೊಂಡು ಕೂತಿದ್ದಾಳೆ. ಅಲ್ಲೊಂದು ಅಂಗಡಿ ಇದೆ ಅನ್ನೋದು ಅವಳಿಗೂ ನೊಣಗಳಿಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಆ ಜಾಗ ನನಗೆ ಕೊಡಿಸಿ. ಆನೆ ಕಟ್ಟೋಕೆ ಬೇಕು."

ನಾಯಕರು ಸಾಕವ್ವನನ್ನು ಕರೆಸಿದರು. "ನಿನ್ನ ಅಂಗಡಿ ಊರಿಗೆ ಬೇಕು ಅನ್ನೋದನ್ನ ಒಂದು ತಿಂಗಳಲ್ಲಿ ತೋರಿಸಮ್ಮ. ಇಲ್ಲದಿದ್ದರೆ ಜಾಗ ಬಿಡಬೇಕಾಗುತ್ತೆ."

ಸಾಕವ್ವ ಗಂಡ ಸತ್ತ ಮೇಲೆ ಅನ್ನ ಕಂಡದ್ದೇ ಆ ಮೂಲೆಯಲ್ಲಿ. ಅವಳು ಅರಮನೆಯ ಮೆಟ್ಟಿಲಿಳಿದಳು. ಆಸ್ಥಾನದ ಕರಣಿಕ ಓಬಣ್ಣ ಹಿಂದೆಯೇ ಬಂದ.

"ಅಣ್ಣಾ, ನನ್ನ ಹತ್ರ ಆನೆ ಎಲ್ಲಿದೆ? ಇರೋದು ಕುಟ್ಟೋ ಒರಳು."

"ಆನೆ ಬೇಡ ಕಣವ್ವ. ನಿನ್ನ ಹತ್ರ ಪುಡಿ ಒಯ್ಯೋರು ಯಾರು, ಹೇಳು."

ಸಾಕವ್ವ ಒಂದೇ ಉಸಿರಿಗೆ ಹನ್ನೆರಡು ಮನೆ ಹೇಳಿದಳು. ಯಾರ ಸೊಸೆ ಬಾಣಂತಿ, ಯಾರ ಮಾವನಿಗೆ ತಲೆ ಕೆರೆತ, ಯಾರ ಮಗಳ ಜಡೆ ಮೊಣಕಾಲಿಗೆ ಬರುತ್ತೆ, ಎಲ್ಲಾ ಬಂತು.

ಓಬಣ್ಣ ನಕ್ಕ. "ಶೆಟ್ಟಿಗೆ ಇದರಲ್ಲಿ ಒಂದು ಮನೆಯೂ ಗೊತ್ತಿಲ್ಲ. ವಾರಕ್ಕೊಂದು ಓಲೆ ಕಳಿಸಲೇ ಅಂತ ಅವರನ್ನ ಕೇಳು. ಹೂಂ ಅಂದವರಿಗೆ ಮಾತ್ರ ಕಳಿಸು. ನೀನು ಹೇಳು, ನಾನು ಬರೀತೀನಿ."

"ನನ್ನ ಪುಡಿ ಚೆನ್ನಾಗಿದೆ ಅಂತಲೇ?"

"ಅದನ್ನ ಹೇಳಿ ಹೇಳಿ ಶೆಟ್ಟಿ ಹಳಸಲು ಮಾಡಿಬಿಟ್ಟಿದ್ದಾನೆ. ಅವರಿಗೆ ಉಪಯೋಗಕ್ಕೆ ಬರೋದನ್ನ ಹೇಳು."

ಶನಿವಾರ ಎಣ್ಣೆನೀರಿನ ದಿನ. ಶುಕ್ರವಾರವೇ ಹನ್ನೆರಡು ಮನೆಗೆ ಗೇಣುದ್ದದ ತಾಳೆಗರಿ ಹೋಯಿತು. "ತಲೆಯಲ್ಲಿ ಹೊಟ್ಟಿದ್ದರೆ ಮೆಂತ್ಯ ನೆನೆಹಾಕಿ, ಬೆಳಿಗ್ಗೆ ನುಣ್ಣಗೆ ರುಬ್ಬಿ ಹಚ್ಚಿ. ಬಾಣಂತಿಗೆ ತಣ್ಣೀರು ಬೇಡ. ಪುಡಿ ಮುಗಿದಿದ್ದರೆ ಪೇಟೆಬಾಗಿಲ ಮೂಲೆಯಲ್ಲಿ ಇದ್ದೀನಿ. ಸಾಕವ್ವ."

ಓದು ಬಲ್ಲವರು ಬಾವಿಕಟ್ಟೆಯಲ್ಲಿ ನಿಂತು ಓದಿದರು, ಬಾರದವರು ಕೊಡ ಇಳಿಸಿ ಕೇಳಿದರು. "ನಮ್ಮನೆಗೂ ಒಂದು ಕಳಿಸೇ" ಎಂದು ಹೆಂಗಸರು ಅಂಗಡಿಗೇ ಬಂದು ಹೇಳಿದರು. ಮೂರನೆಯ ವಾರಕ್ಕೆ ಮನೆಗಳು ಅರವತ್ತಾದವು. ಸಾಕವ್ವನ ಒನಕೆಗೆ ಬಿಡುವಿಲ್ಲದಾಯಿತು.

ಸುದ್ದಿ ಶೆಟ್ಟಿಯ ಕಿವಿಗೆ ಬಿತ್ತು. "ಓಲೆಯೇ ತಾನೆ? ಅವಳು ವಾರಕ್ಕೊಂದು ಕಳಿಸಿದರೆ ನಾನು ದಿನಕ್ಕೆ ಮೂರು ಕಳಿಸ್ತೀನಿ" ಎಂದ. ಕೇಳಿದವರಿಗೂ ಕೇಳದವರಿಗೂ ಓಲೆ ಬಂತು. ಕಿಟಕಿಯಿಂದ ಎಸೆದದ್ದು ಸಾರಿನೊಳಗೆ ಬಿತ್ತು. ಎಲ್ಲದರಲ್ಲೂ ಒಂದೇ ಮಾತು: "ಗುರುಶಾಂತಶೆಟ್ಟರು ಶ್ರೇಷ್ಠರು. ಅವರ ತಂದೆಯೂ ಶ್ರೇಷ್ಠರಾಗಿದ್ದರು." ಜನ ಓದಲಿಲ್ಲ, ಬಚ್ಚಲ ಒಲೆಗೆ ಹಾಕಿದರು. ಶೆಟ್ಟಿಯ ಓಲೆಯಲ್ಲಿ ನೀರು ಕಾಯಿಸಿ ಸಾಕವ್ವನ ಪುಡಿಯಲ್ಲಿ ತಲೆ ತೊಳೆದುಕೊಂಡರು.

ತಿಂಗಳು ತುಂಬಿತು. ಆಸ್ಥಾನದಲ್ಲಿ ಶೆಟ್ಟಿ ಎದೆಯುಬ್ಬಿಸಿದ. "ಒಡೆಯಾ, ನನ್ನ ಓಲೆ ಹೋಗದ ಮನೆ ಊರಲ್ಲಿಲ್ಲ. ಇವಳದು ಅರವತ್ತೇ ಮನೆ. ಇನ್ನೇನು ನೋಡೋದಿದೆ?"

ನಾಯಕರು ಹೌದೆಂಬಂತೆ ತಲೆಯಾಡಿಸಿದರು.

ಓಬಣ್ಣ ಎದ್ದು ನಿಂತ. "ಬಡಿಸಿದವರು ಎಷ್ಟು ಬಡಿಸಿದೆ ಅಂತ ಹೇಳ್ತಾರೆ ಒಡೆಯಾ. ಉಣ್ಣೋರಿಗೆ ಅದು ಬೇಕಿತ್ತೋ ಇಲ್ಲವೋ ಅನ್ನೋದು ಬಡಿಸೋದು ನಿಲ್ಲಿಸಿದಾಗ ತಿಳಿಯುತ್ತೆ. ಒಂದು ವಾರ ಇಬ್ಬರೂ ಸುಮ್ಮನಿರಲಿ. ಓಲೆ ಬೇಡ, ಡಂಗುರವೂ ಬೇಡ."

"ಆಗಲಿ, ಆಗಲಿ," ಎಂದ ಶೆಟ್ಟಿ. "ಎರಡು ದಿನಕ್ಕೇ ಊರು ನನಗಾಗಿ ಹಂಬಲಿಸುತ್ತೆ."

ಶುಕ್ರವಾರ ಬಂತು. ಓಲೆ ಕಳಿಸುವಂತಿಲ್ಲ. ಸಾಕವ್ವ ಅಂಗಡಿ ತೆರೆದು, ಒರಳಿನ ಪಕ್ಕ ಕೈಕಟ್ಟಿ ಕೂತಳು. ಮಧ್ಯಾಹ್ನದವರೆಗೆ ಒಬ್ಬರೂ ಸುಳಿಯಲಿಲ್ಲ. ಆನೆಯ ಗೂಟ ತನ್ನ ಎದೆಗೇ ಇಳಿದಂತಾಯಿತು ಅವಳಿಗೆ.

ಬಿಸಿಲು ಇಳಿಯುವ ಹೊತ್ತಿಗೆ ಒಬ್ಬ ಮುದುಕಿ ಕೋಲೂರಿಕೊಂಡು ಬಂದಳು. "ಓಲೆ ಯಾಕೆ ಬರಲಿಲ್ಲವೇ? ಮೈಗೆ ಹುಷಾರಿಲ್ಲವೇನೇ?" ಅವಳ ಹಿಂದೆ ಇನ್ನಿಬ್ಬರು. ಕತ್ತಲಾಗುವ ಮೊದಲು ಮೂಲೆಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಯಾರೋ ಕಷಾಯವನ್ನೂ ಕಾಸಿ ತಂದಿದ್ದರು.

ವಾರದ ಗಡುವು ಮುಗಿದ ದಿನ ಆಸ್ಥಾನದಲ್ಲಿ ಓಬಣ್ಣ ಇದನ್ನೆಲ್ಲ ಹೇಳುತ್ತಿದ್ದಾಗಲೇ ಅರಮನೆಯ ಮುಂದೆ ಗದ್ದಲವೆದ್ದಿತು. ಊರಿಗೆ ಊರೇ ಹಣ್ಣುಕಾಯಿ ಹಿಡಿದು ನಿಂತಿತ್ತು.

ಶೆಟ್ಟಿ ಹಿಗ್ಗಿದ. "ನೋಡಿ ಒಡೆಯಾ, ಅವಳ ಹತ್ರ ಬಂದದ್ದು ಅರವತ್ತು ಮನೆಯವರು. ನನ್ನ ಡಂಗುರ ಕೇಳಿಕೊಂಡು ಊರೇ ಬಂದಿದೆ."

ಓಬಣ್ಣ ಹೊರಗೆ ಹೋಗಿ ವಿಚಾರಿಸಿ ಬಂದು ಕೈಮುಗಿದ.

"ನಿಜ ಶೆಟ್ಟರೇ, ನಿಮ್ಮ ಡಂಗುರ ಕೇಳಿಕೊಂಡೇ ಬಂದಿದ್ದಾರೆ. ಸಾಕವ್ವನ ಹತ್ರ ಹೋದವರು 'ಯಾಕೆ ನಿಂತಿತು' ಅಂತ ಕೇಳಿದರು. ಇವರು 'ಮತ್ತೆ ಶುರುವಾಗೋಲ್ಲ ತಾನೇ' ಅಂತ ಕೇಳ್ತಿದ್ದಾರೆ."

ನಾಯಕರು ಹೊಟ್ಟೆ ಹಿಡಿದು ನಕ್ಕರು. ಮೂಲೆ ಸಾಕವ್ವನಿಗೇ ಉಳಿಯಿತು, ಮೇಲೆ ಒಂದು ಸೀರೆಯೂ ಸಿಕ್ಕಿತು. ಡಂಗುರದವನನ್ನು ನಾಯಕರು ಕಬ್ಬಿನ ಗದ್ದೆಯ ಕಾವಲಿಗೆ ಹಾಕಿದರು. ಶೆಟ್ಟಿಯ ಗುಣಗಾನ ಕೇಳಿದ ಹಂದಿಗಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ.