ಒಂದೇ ಏಟಿನ ತಾಳ

“ಮೇಷ್ಟ್ರೇ, ವಂದನಾರ್ಪಣೆಯಲ್ಲಿ ಯಾರ ಹೆಸರನ್ನು ಮೊದಲು ಹೇಳಲಿ?” ಎಂದು ಶಿವನಂಜ ಕೇಳಿದ.

ಅವನು ಒಂದು ಶಾಲೆಯ ಬ್ಯಾಂಡಿಗೆ ಸಂಗೀತ ಬರೆಯುತ್ತಿದ್ದ. ಹಾಡಿಲ್ಲದೆ, ಮಾತಿಲ್ಲದೆ, ವಾದ್ಯಗಳಿಂದಲೇ ಕತೆ ಹೇಳುವ ಸಂಗೀತ. ಆ ವಿದ್ಯೆಯನ್ನು ಅವನಿಗೆ ಕಲಿಸಿದವರು ಅರುಳಪ್ಪ ಮೇಷ್ಟ್ರು. ಮರುದಿನ ಶಾಲೆಯ ವಾರ್ಷಿಕೋತ್ಸವ. ಶಿವನಂಜ ಪಟ್ಟಿ ಮಾಡಿಕೊಂಡು ಬಂದಿದ್ದ. ಪಟ್ಟಿಯಲ್ಲಿ ಮುಖ್ಯೋಪಾಧ್ಯಾಯರಿದ್ದರು, ಶಾಮಿಯಾನದವರಿದ್ದರು, ಮೈಕಿನವರಿದ್ದರು, ಚೆನ್ನಾಗಿ ಊದುವ ಮೂರು ಮಕ್ಕಳಿದ್ದರು.

ಮೇಷ್ಟ್ರು ಪಟ್ಟಿಯನ್ನು ಓದಿ ಹಿಂದಕ್ಕೆ ಕೊಟ್ಟರು. “ಶಾಮಿಯಾನದವರನ್ನು ಮರೆತಿಲ್ಲ, ಸಂತೋಷ” ಎಂದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಸಂಗೀತಗಾರನಿದ್ದ. ಒಂದು ಶಾಲೆಯ ಮಕ್ಕಳ ಬ್ಯಾಂಡಿಗಾಗಿ ಅವನು ಅಂಬಿಗನ ಕತೆಯನ್ನು ಸಂಗೀತದಲ್ಲಿ ಬರೆದ. ಅಂಬಿಗ ಹೊಳೆಗೆ ಇಳಿಯುತ್ತಾನೆ. ನಡುಹೊಳೆಯಲ್ಲಿ ಮಂಜು ಕವಿಯುತ್ತದೆ. ದಡ ಎತ್ತ ಎಂದು ತಿಳಿಯುವುದಿಲ್ಲ. ಊರಿನವರು ದಡದಲ್ಲಿ ನಿಂತು ಕೂಗುತ್ತಾರೆ. ಆ ಕೂಗಿನ ಜಾಡು ಹಿಡಿದು ಅಂಬಿಗ ದೋಣಿ ನಡೆಸುತ್ತಾನೆ. ದೋಣಿ ದಡ ಮುಟ್ಟಿದಾಗ ಕಂಚಿನ ದೊಡ್ಡ ತಾಳ ಒಂದೇ ಒಂದು ಸಲ ಮೊಳಗುತ್ತದೆ. ಅಲ್ಲಿಗೆ ಕತೆ ಮುಗಿಯಿತು.

ಹುಟ್ಟು ಹಾಕುವುದನ್ನು ಅವನು ಕ್ಲಾರಿನೆಟ್ಟಿಗೆ ಕೊಟ್ಟ. ಮಂಜನ್ನು ಕೊಳಲಿಗೆ ಕೊಟ್ಟ. ಊರವರ ಕೂಗನ್ನು ಟ್ರಂಪೆಟ್ಟಿಗೆ ಕೊಟ್ಟ. ನಲವತ್ತು ಆವರ್ತ, ಅಂದರೆ ಲಯದ ನಲವತ್ತು ಸುತ್ತು, ಕಳೆದ ಮೇಲೆ ಮಂಜು ಕವಿದು ಮೂವತ್ತೆಂಟು ಆವರ್ತ ಇರುತ್ತದೆ. ಅಷ್ಟು ಹೊತ್ತೂ ಟ್ರಂಪೆಟ್ಟುಗಳು ಸುಮ್ಮನಿದ್ದು, ಮುಗಿದ ಕ್ಷಣವೇ ಒಟ್ಟಿಗೆ ಕೂಗಬೇಕು. ಕತೆಯ ಜೀವ ಇರುವುದು ಅಲ್ಲಿ.

ಆ ವರ್ಷ ಜಿಲ್ಲೆಯಲ್ಲಿ ಸ್ಪರ್ಧೆ ಇತ್ತು. ಅಲ್ಲಿ ಮಾನ ಹೋದರೆ ಬ್ಯಾಂಡನ್ನೇ ಮುಚ್ಚುತ್ತೇವೆ ಎಂದು ಶಾಲೆಯವರು ಹೇಳಿದ್ದರು. ಸ್ಪರ್ಧೆಗೆ ಒಂದು ನಿಯಮವಿತ್ತು. ವೇದಿಕೆಯ ಮೇಲೆ ಮೂವತ್ತೇ ಜನ ಇರಬೇಕು, ಎದುರು ನಿಂತು ಕೈಯಾಡಿಸುವವನೂ ಸೇರಿ. ಮಕ್ಕಳೇ ಮೂವತ್ತು. ಸಂಗೀತಗಾರ ಮೂವತ್ತೊಂದನೆಯವನು. ಒಬ್ಬರು ಇಳಿಯಲೇಬೇಕು.

ಸಂಗೀತಗಾರ ತಾನು ಬರೆದ ಹಾಳೆಗಳನ್ನು ಹರಡಿಕೊಂಡು ಕುಳಿತ. ಯಾರ ಹಾಳೆಯಲ್ಲಿ ಬರಹ ಕಡಿಮೆಯೋ ಅವರನ್ನು ಬಿಡುವುದು ಎಂದು ತೀರ್ಮಾನಿಸಿದ. ಹುಡುಕುವ ಕಷ್ಟವೇ ಇರಲಿಲ್ಲ. ದೊಡ್ಡ ತಾಳದ ಹುಡುಗಿಯ ಹಾಳೆಯಲ್ಲಿ ನೂರ ಹನ್ನೆರಡು ಆವರ್ತ ಖಾಲಿ, ಕೊನೆಗೆ ಒಂದು ಏಟು. ಸಾಲದ್ದಕ್ಕೆ ಅವಳ ಮೇಲೆ ಅವನಿಗೆ ಒಂದು ಅಸಮಾಧಾನವೂ ಇತ್ತು. ಅಭ್ಯಾಸದ ಹೊತ್ತಿನಲ್ಲಿ ಅವಳ ತುಟಿ ಸದಾ ಅಲ್ಲಾಡುತ್ತಿತ್ತು. ಕೆಲಸವಿಲ್ಲದವಳು ಹರಟೆ ಹೊಡೆಯುತ್ತಾಳೆ ಎಂದುಕೊಂಡಿದ್ದ. ಆ ಒಂದು ಏಟನ್ನು ಡ್ರಮ್ಮಿನವನಿಗೆ ವಹಿಸಿ ಹುಡುಗಿಯನ್ನು ತರಗತಿಗೆ ಕಳಿಸಿದ. ಹುಡುಗಿ ತಾಳವನ್ನು ಒರೆಸಿ, ಚೀಲದಲ್ಲಿಟ್ಟು, ಹೋದಳು.

ಮರುದಿನದ ಅಭ್ಯಾಸದಲ್ಲಿ ಮಂಜು ಕವಿಯಿತು, ಕೂಗು ಬರಲಿಲ್ಲ. ಒಬ್ಬ ಮುಂಚೆ ಕೂಗಿದ, ಇಬ್ಬರು ತಡವಾಗಿ ಕೂಗಿದರು, ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಂಗೀತಗಾರ ಕೈಮಾಡಿ ಕರೆದ. ಅವನ ಕೈ ನೋಡಿ ಮಕ್ಕಳು ಉಸಿರೆಳೆದುಕೊಳ್ಳುವಷ್ಟರಲ್ಲಿ ಸಮಯ ದಾಟಿಹೋಯಿತು. ತುಸು ಮುಂಚೆ ಕೈಮಾಡಿದ. ಆಗ ಮಂಜು ಕರಗುವ ಮೊದಲೇ ಊರು ಕೂಗಿತು. ಮೂರು ದಿನ ಇದೇ ಗೋಳು. ಅಂಬಿಗ ಒಮ್ಮೆಯೂ ದಡ ಸೇರಲಿಲ್ಲ. ಸಂಗೀತಗಾರ ಟ್ರಂಪೆಟ್ಟುಗಳನ್ನು ಬೈದ, ಕೊಳಲುಗಳನ್ನು ಬೈದ, ಕೊಠಡಿಯ ತಗಡಿನ ಮಾಡನ್ನೂ ಬೈದ. ಕುಣಿಯಲಾರದವನು ನೆಲ ಡೊಂಕು ಅಂದನಂತೆ, ಬರೆಯಬಲ್ಲವನೂ ಒಮ್ಮೊಮ್ಮೆ ಹಾಗೇ.

ಸ್ಪರ್ಧೆಗೆ ಎರಡು ದಿನ ಉಳಿದಾಗ ಅವನು ಬೈಯುವುದನ್ನು ಬಿಟ್ಟು ಕೇಳಿದ.

“ಮೊದಲೆಲ್ಲಾ ಸರಿಯಾಗಿ ಬರ್ತಿದ್ರಲ್ಲ. ಈಗ ಏನಾಯ್ತು ನಿಮಗೆ?”

ಟ್ರಂಪೆಟ್ಟಿನ ಹುಡುಗನೊಬ್ಬ ಹೇಳಿದ: “ಮೊದ್ಲು ನಮ್ ಬೆನ್ನ ಹಿಂದೆ ತಾಳದವಳು ಎಣಿಸ್ತಿದ್ಳಲ್ಲ ಸಾರ್. ಪಿಸಪಿಸ ಅಂತ, ಒಂದರಿಂದ. ಎಪ್ಪತ್ತೆಂಟು ಅಂದ ಕೂಡ್ಲೇ ನಾವು ಉಸಿರು ತಗೋತಿದ್ವಿ. ಈಗ ಎಣಿಸೋರೇ ಇಲ್ವಲ್ಲ.”

ಸಂಗೀತಗಾರ ಕುಳಿತುಬಿಟ್ಟ. ಅವನಿಗೆ ನಾಚಿಕೆಯಾಯಿತು. ತನ್ನ ಸಂಗೀತವನ್ನು ಒಂದನೆಯ ಆವರ್ತದಿಂದ ನೂರ ಹನ್ನೆರಡರವರೆಗೆ ಒಂದೂ ಬಿಡದೆ ಕೇಳಿದವಳು ಆ ಹುಡುಗಿ ಒಬ್ಬಳೇ ಎಂದು ಹೊಳೆಯಿತು. ಊದುವವರು ತಮ್ಮ ತಮ್ಮ ಪಾಲನ್ನು ಊದಿದ್ದರು. ಅವನು ತನ್ನ ಹೆಸರು ಹೇಗೆ ಉಳಿಯುತ್ತದೆ ಎಂದು ಯೋಚಿಸಿದ್ದ.

ಅವಳ ತರಗತಿಗೆ ಹೋಗಿ ಬಾಗಿಲಲ್ಲಿ ನಿಂತು ಕರೆದ. “ನಿನ್ನನ್ನು ಕಳಿಸಿದ್ದು ನನ್ನ ತಪ್ಪು ಕಣಮ್ಮ. ನೀನು ಅವರಿಗೆಲ್ಲಾ ಎಣಿಸಿಕೊಡ್ತಿದ್ದೆ, ನಾನು ತಿಳ್ಕೊಳ್ಳಲಿಲ್ಲ” ಎಂದ.

“ಅವ್ರಿಗೋಸ್ಕರ ಅಲ್ಲ ಸಾರ್, ನನಗೋಸ್ಕರವೇ ಎಣಿಸ್ತಿದ್ದೆ” ಎಂದಳು ಹುಡುಗಿ. “ನನಗಿರೋದು ಒಂದೇ ಏಟಲ್ವಾ. ತಪ್ಪಿದ್ರೆ ಮತ್ತೆ ಸಿಗಲ್ಲ.”

ಹುಡುಗಿ ಬಂದಳು. ಈಗ ಮತ್ತೆ ಮೂವತ್ತೊಂದು ಜನ. ಈ ಸಲ ಸಂಗೀತಗಾರ ಹಾಳೆ ಹರಡಲಿಲ್ಲ. ಎರಡು ದಿನವೂ ಕೊಠಡಿಯ ಮೂಲೆಯಲ್ಲಿ ಕೈಕಟ್ಟಿ ನಿಂತು, ಮಕ್ಕಳಿಂದಲೇ ಅಭ್ಯಾಸ ಮಾಡಿಸಿದ.

ಸ್ಪರ್ಧೆಯ ದಿನ ಮೂವತ್ತು ಮಕ್ಕಳು ವೇದಿಕೆ ಹತ್ತಿದರು. ಸಂಗೀತಗಾರ ಸಭೆಯಲ್ಲಿ, ತಾಯಂದಿರ ನಡುವೆ ಒಂದು ಕುರ್ಚಿಯಲ್ಲಿ ಕುಳಿತ. ಬ್ಯಾಂಡಿನ ಎದುರು ಯಾರೂ ಇರಲಿಲ್ಲ. ಡ್ರಮ್ಮಿನವನು ನಾಲ್ಕು ತಟ್ಟಿದ, ದೋಣಿ ಹೊರಟಿತು. ಮಂಜು ಕವಿಯಿತು. ಇಷ್ಟು ದೂರದಿಂದ ಸಂಗೀತಗಾರನಿಗೆ ಹುಡುಗಿಯ ಮಾತು ಕೇಳಿಸುತ್ತಿರಲಿಲ್ಲ, ತುಟಿಯಷ್ಟೇ ಕಾಣುತ್ತಿತ್ತು. ಅವನೂ ಅವಳೊಂದಿಗೆ ಎಣಿಸಿದ. ಎಪ್ಪತ್ತೇಳು. ಎಪ್ಪತ್ತೆಂಟು. ಟ್ರಂಪೆಟ್ಟಿನ ಮಕ್ಕಳ ಹೆಗಲುಗಳು ಒಟ್ಟಿಗೆ ಮೇಲೆದ್ದವು, ಇಡೀ ಊರು ಒಂದೇ ದನಿಯಲ್ಲಿ ಕೂಗಿತು. ಅಂಬಿಗ ದಡ ಸೇರಿದ. ತಾಳ ಮೊಳಗಿತು.

ಸಭೆ ಚಪ್ಪಾಳೆ ತಟ್ಟಿತು. ಸಂಗೀತಗಾರ ತಟ್ಟಲಿಲ್ಲ. ಎದ್ದು ನಿಂತು ಕೈಮುಗಿದ. ಬರೆದವನು ತಾನಾದರೂ ಆ ಕತೆ ತನಗೆ ಯಾರೋ ಕೊಟ್ಟ ಉಡುಗೊರೆ ಎಂದು ಅವತ್ತು ಅವನಿಗೆ ಅನಿಸಿತು. ಪಕ್ಕದ ತಾಯಿ, “ನಿಮ್ಮ ಮಗು ಯಾವುದು?” ಎಂದು ಕೇಳಿದರು. ಅವನು ಕಣ್ಣೊರೆಸಿಕೊಂಡ. ಎರಡನೆಯ ಬಹುಮಾನ ಬಂತು. ಬ್ಯಾಂಡು ಉಳಿಯಿತು. ಮೊದಲನೆಯ ಬಹುಮಾನ ಯಾರಿಗೆ ಬಂತೆಂದು ಈಗ ಯಾರಿಗೂ ನೆನಪಿಲ್ಲ.

ಇಷ್ಟು ಹೇಳಿ ಮೇಷ್ಟ್ರು ನಿಲ್ಲಿಸಿದರು.

ಶಿವನಂಜನ ಮನಸ್ಸು ತುಂಬಿತ್ತು. ಅವನು ಜೇಬಿನಿಂದ ಪೆನ್ನು ತೆಗೆದು ಪಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡ. “ತಿಳೀತು ಮೇಷ್ಟ್ರೇ. ನಮ್ಮ ಬ್ಯಾಂಡಿನ ತಾಳದ ಹುಡುಗನ ಹೆಸರನ್ನೇ ಎಲ್ಲಕ್ಕಿಂತ ಮೇಲೆ ಬರೀತೀನಿ” ಎಂದ.

ಮೇಷ್ಟ್ರು ಅವನನ್ನೇ ನೋಡಿದರು.

“ನಿನ್ನ ಬ್ಯಾಂಡಿನಲ್ಲೂ ಎಣಿಸೋದು ತಾಳದವನೇ ಅಂತ ನಿನಗೆ ಹೇಳಿದವರು ಯಾರಪ್ಪ?”

ಶಿವನಂಜ ಪೆನ್ನನ್ನು ಜೇಬಿಗಿಟ್ಟು, ಬ್ಯಾಂಡಿನ ಕಡೆಯ ಅಭ್ಯಾಸವನ್ನು ಕೇಳಲು ಶಾಲೆಯತ್ತ ಹೊರಟ.