ಕೊಂಡಿಗೆ ಕೊರೆದ ರಂಧ್ರ

“ಕೊನೆಗೆ ಕಳಿಸುವವರೇ ಆಗಿದ್ದರೆ ನನ್ನನ್ನು ಅಷ್ಟು ಹಚ್ಚಿಕೊಂಡು ಬೆಳೆಸಿದ್ದಾದರೂ ಏಕೆ, ಗುರುಗಳೇ?” ಎಂದು ಗುರುಪಾದ ಕೇಳಿದ.

ಮರುದಿನ ಅವನು ದೂರದ ಶಾಖಾಮಠವನ್ನು ನೋಡಿಕೊಳ್ಳಲು ಹೊರಡಬೇಕಿತ್ತು. ಹೋಗಲು ಮನಸ್ಸಿರಲಿಲ್ಲ, ಸಿಟ್ಟೂ ಇತ್ತು. “ಈ ವರ್ಷವೆಲ್ಲ ನನ್ನನ್ನು ದೂರ ಸರಿಸುತ್ತಲೇ ಬಂದಿರಿ. ಊಟಕ್ಕೆ ಬೇರೆ ಪಂಕ್ತಿಯಲ್ಲಿ ಕೂರಿಸಿದಿರಿ. ಪ್ರವಚನಕ್ಕೆ ಒಬ್ಬನನ್ನೇ ಅಟ್ಟಿದಿರಿ. ಸಂದೇಹ ಕೇಳಿದರೆ ‘ನೀನೇ ಯೋಚಿಸು’ ಎಂದಿರಿ. ನಾನು ಮಾಡಿದ ತಪ್ಪೇನು?”

“ಅಬ್ಬಬ್ಬಾ, ಒಂದನ್ನೂ ಮರೆತಿಲ್ಲವಲ್ಲೋ!” ಎಂದು ಗುರುಗಳು ನಕ್ಕರು. “ಕೂತುಕೋ, ಒಂದು ಕತೆ ಹೇಳುತ್ತೇನೆ.”

ಒಬ್ಬ ಕುಶಲಕರ್ಮಿ ಇದ್ದ. ಕಿವಿ ಕೇಳದವರಿಗೆ ಯಂತ್ರ ಮಾಡಿಕೊಡುವುದು ಅವನ ಕಸುಬು. ಯಂತ್ರದೊಳಗಿನ ಸರ್ಕ್ಯೂಟ್ ಹಲಗೆ ಹುಣಸೆಬೀಜದಷ್ಟು. ಅದರ ಮೇಲಿನ ಬಿಡಿಭಾಗಗಳನ್ನು ಕಾಯಿಸಿ ಬೆಸೆಯುವ ಒಲೆಗೆ ಅಷ್ಟು ಸಣ್ಣದನ್ನು ಬಿಡಿಯಾಗಿ ಹಾಕಲಾಗದು. ಹಲವು ಹಲಗೆಗಳನ್ನು ಒಂದೇ ಚೌಕಟ್ಟಿಗೆ ಸಣ್ಣ ಪಟ್ಟಿಯಂಥ ಕೊಂಡಿಗಳಿಂದ ಹಿಡಿದಿಡಬೇಕು. ಒಲೆ ದಾಟಿದ ಮೇಲೆ ಮುರಿದು ಬಿಡಿಸಬೇಕು.

ಒಲೆಯಲ್ಲಿ ಎಲ್ಲಿ ಕಳಚಿಬಿಡುತ್ತವೋ ಎಂಬ ಭಯ ಅವನಿಗೆ. ಕೊಂಡಿಗಳನ್ನು ಅಗಲವಾಗಿ, ಗಟ್ಟಿಯಾಗಿ ಮಾಡಿದ. ಹಲಗೆಗಳೇನೋ ಚೆನ್ನಾಗಿಯೇ ಬಂದವು. ಆದರೆ ಬಿಡಿಸುವಾಗ ಹಲ್ಲು ಕಚ್ಚಿ ತಿರುಚಬೇಕಾಯಿತು. ಮೊದಲ ಯಂತ್ರವನ್ನು ತನ್ನ ಅತ್ತೆಯ ಕಿವಿಗೇ ಇಟ್ಟ. ವರ್ಷಗಟ್ಟಲೆ ಏನೂ ಕೇಳದಿದ್ದ ಮುದುಕಿ ಮನೆಯ ಸದ್ದೆಲ್ಲ ಕೇಳಿ ಮಗುವಿನಂತೆ ನಕ್ಕಳು. ಆ ನಗು ತಿಂಗಳು ತುಂಬಲಿಲ್ಲ.

“ಏನು ಅಳಿಯಂದಿರೇ, ಮತ್ತೆ ಬರೀ ಬಾಯಿ ಆಡಿಸುತ್ತಿದ್ದೀರಿ?” ಎಂದಳು.

ಬಿಚ್ಚಿ ನೋಡಿದರೆ ಹಲಗೆಯ ಮೇಲಿನ ಬೆಸುಗೆಯಲ್ಲಿ ಕೂದಲೆಳೆಯಂಥ ಬಿರುಕು. ತಿರುಚಿದಾಗ ಆದದ್ದು. ಅವನ ಮುಖ ಸಪ್ಪಗಾಯಿತು. ಆ ನಗುವನ್ನು ಇನ್ನೊಮ್ಮೆ ಕೇಳಲೇಬೇಕು ಎಂದುಕೊಂಡ.

ಈ ಸಲ ಕೊಂಡಿಯನ್ನು ತೆಳ್ಳಗೆ ಮಾಡಿದ. ಒಲೆಯ ಕಾವಿಗೆ ಹಲಗೆ ಜೋತುಬಿದ್ದು ಹಾಳಾಯಿತು. ಹಿಡಿತ ಸಡಿಲ ಮಾಡಿದರೂ ಕೆಟ್ಟಿತು! ಕೊನೆಗೆ ಕೊಂಡಿಯನ್ನು ಅಗಲವಾಗಿಯೇ ಬಿಟ್ಟು, ಅದರ ನಡುವೆ ಸಣ್ಣ ಸಣ್ಣ ರಂಧ್ರಗಳ ಸಾಲು ಕೊರೆದ, ಅಂಚೆಚೀಟಿಯ ಹಾಳೆಗೆ ಕೊರೆಯುವ ಹಾಗೆ. ಒಲೆಯಲ್ಲಿ ಕೊಂಡಿ ಅಲುಗಲಿಲ್ಲ. ಆಮೇಲೆ ಬೆರಳಿನಿಂದ ಒತ್ತಿದರೆ ಸಾಕು, ಮುರಿಯಿತು. ಆದರೆ ಅರ್ಧ ಕೊಂಡಿ ಹಲಗೆಯ ಅಂಚಿನಲ್ಲೇ ಮುಳ್ಳಿನ ಹಾಗೆ ಉಳಿಯಿತು. ಅದರಿಂದ ಹಲಗೆ ಯಂತ್ರದೊಳಗೆ ಕೂರಲೊಲ್ಲದು.

ಅವನು ಬಹಳ ಹೊತ್ತು ಯೋಚಿಸಿದ. ಆಮೇಲೆ ರಂಧ್ರಗಳ ಸಾಲನ್ನು ಕೊಂಡಿಯ ನಡುವಿನಿಂದ ಸರಿಸಿ ಹಲಗೆಯ ಅಂಚಿಗೇ ತಂದ. ಈಗ ಹಲಗೆ ಟಕ್ಕನೆ ಬಿಟ್ಟುಬಂತು. ಅಂಚಿನಲ್ಲಿ ಮುಳ್ಳಿಲ್ಲ, ಒಳಗೆ ಬಿರುಕಿಲ್ಲ.

ಅತ್ತೆಯ ಕಿವಿಗೆ ಯಂತ್ರವಿಟ್ಟು, “ಕೇಳಿಸುತ್ತಾ?” ಎಂದು ಗಟ್ಟಿಯಾಗಿ ಕೂಗಿದ.

“ಮೆಲ್ಲಗೆ ಮಾತಾಡಿ ಅಳಿಯಂದಿರೇ, ನಾನೇನು ಕಿವುಡಿಯೇ?” ಎಂದಳು ಮುದುಕಿ, ನಗುತ್ತಾ. ಆ ಯಂತ್ರ ಅವಳು ಬದುಕಿರುವವರೆಗೂ ಕೆಡಲಿಲ್ಲ.

ಗುರುಪಾದನಿಗೂ ನಗು ಬಂತು. ಬೇರೆ ಪಂಕ್ತಿ, ಒಬ್ಬನೇ ಮಾಡಿದ ಪ್ರವಚನ, ‘ನೀನೇ ಯೋಚಿಸು’ ಎಂಬ ಮಾತು, ಎಲ್ಲ ಒಂದೊಂದಾಗಿ ನೆನಪಾಗಿ, ಒಂದೊಂದೂ ಒಂದು ರಂಧ್ರದಂತೆ ಕಂಡಿತು. ಸಿಟ್ಟು ಇಳಿದು ಮನಸ್ಸು ಹಗುರಾಯಿತು. ಎದ್ದು ಗುರುಗಳ ಪಾದ ಮುಟ್ಟಿದ. ಆಗ ಒಂದು ಮಾತು ಕೇಳಬೇಕೆನಿಸಿತು.

“ಹಾಗಾದರೆ ಆ ಕೊಂಡಿಯ ಮುಳ್ಳು ಎಲ್ಲಿ ಹೋಯಿತು, ಗುರುಗಳೇ?”

“ಅದು ಚೌಕಟ್ಟಿನ ಕಡೆ ಉಳಿಯಿತು ಮಗು, ಇಲ್ಲಿ ನನ್ನ ಕಡೆ; ನೀನು ನೆಮ್ಮದಿಯಾಗಿ ಹೋಗಿ ಬಾ.”